ಕಡಲಿಗೆ ಹೇಳಿದ ಸುಳ್ಳು

"ದೋಣಿ ನಿಮ್ಮ ಯಜಮಾನ್ರು ಕೊಂಡುಕೊಟ್ಟಿದ್ರೆ ನಾವು ಸೋತ ಹಾಗೇ ಲೆಕ್ಕ. ಸದ್ಯ, ಕೊಂಡುಕೊಟ್ಟೋರು ನೀವು," ಎಂದರು ವಕೀಲ ಲಿಸ್ಟರ್, ಶುಭ ಸಮಾಚಾರ ಹೇಳುವವರ ಹಾಗೆ ಮುಖ ಅರಳಿಸಿ.

ಥರ್ಜಾ ಲೆಡ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಭಾನುವಾರದ ಪ್ರಾರ್ಥನೆಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಕರಿ ಕೋಟು, ಕೈಗೆ ಕರಿ ಗವಸು. ಗವಸು ತೆಗೀಬೇಡ ಎಂದು ಮಗಳು ಹೆಟ್ಟಿ ಹೇಳಿ ಕಳಿಸಿದ್ದಳು. ಗಾಳಕ್ಕೆ ಪೋಣಿಸಲು ಚಿಪ್ಪು ಒಡೆದು ಮಾಂಸ ಬಿಡಿಸಿ ಬಿಡಿಸಿ ಥರ್ಜಾಳ ಬೆರಳುಗಳು ಹಳೆಯ ಹಲಗೆಯ ಹಾಗಾಗಿದ್ದವು, ಪಟ್ಟಣದವರು ಅವನ್ನು ನೋಡಿ ಅಯ್ಯೋ ಪಾಪ ಅನ್ನುವುದು ಹೆಟ್ಟಿಗೆ ಸೇರುತ್ತಿರಲಿಲ್ಲ.

"ನಾನು ಕೊಂಡುಕೊಟ್ರೆ ಏನು ವ್ಯತ್ಯಾಸ?" ಎಂದಳು.

"ತುಂಬಾ ವ್ಯತ್ಯಾಸ. ಅಪ್ಪ ದುಡ್ಡು ಕೊಟ್ಟು ಮಗನ ಹೆಸರಲ್ಲಿ ದೋಣಿ ತಗೊಂಡ್ರೆ, ಅದು ಮಗನಿಗೆ ಕೊಟ್ಟ ಉಡುಗೊರೆ ಅಂತ ಕೋರ್ಟು ಮೊದಲೇ ಊಹೆ ಮಾಡ್ಕೊಳ್ಳುತ್ತೆ. ಅಮ್ಮ ತಗೊಂಡ್ರೆ ಹಾಗೆ ಊಹೆ ಮಾಡ್ಕೊಳ್ಳಲ್ಲ. ಹೆಸರು ಮಗಂದು, ದೋಣಿ ಅಮ್ಮಂದು. ಅವನು ನಿಮ್ಮ ಪರವಾಗಿ ಇಟ್ಕೊಂಡಿರೋನು ಅಷ್ಟೇ. ದಾರೀಲಿ ಹೋಗೋ ಯಾರದೋ ಹೆಸರಲ್ಲಿ ತಗೊಂಡಿದ್ರೆ ಹೇಗೋ, ಹಾಗೆ."

"ದಾರೀಲಿ ಹೋಗೋನಾ? ನಾನು ಹೆತ್ತ ಮಗ ರೀ ಅವನು."

"ನಾನು ಕಾನೂನಿನ ಮಾತು ಹೇಳ್ತಿದೀನಿ ಮಿಸೆಸ್ ಲೆಡ್ಲಿ. ಮಕ್ಕಳನ್ನ ಒಂದು ದಡ ಮುಟ್ಟಿಸೋ ಹೊಣೆ ಅಪ್ಪಂದು. ಅಮ್ಮನಿಗೆ ಆ ಹೊಣೆ ಇಲ್ಲ. ಹೊಣೆ ಇಲ್ಲದೋರು ಯಾಕೆ ಸುಮ್ಮನೆ ಕೊಟ್ಟಾರು ಅಂತ ಕೋರ್ಟಿನ ಯೋಚನೆ. ಅಜ್ಜಂದಿರ ಕಾಲದಿಂದ ಹೀಗೇ ನಡ್ಕೊಂಡು ಬಂದಿದೆ."

ಥರ್ಜಾಳ ಮೈಯೆಲ್ಲ ಉರಿದುಹೋಯಿತು. ಗಂಡ ರೂಬೆನ್ ಕಡಲಿಗೆ ಹೋದವನು ಹಿಂದಿರುಗದೇ ಇದ್ದಾಗ ಮಗ ಕ್ಲಿಫರ್ಡ್‌ಗೆ ಮೀಸೆ ಕೂಡ ಚಿಗುರಿರಲಿಲ್ಲ. ಅಂದಿನಿಂದ ತಮ್ಮ ಊರು ರೇವನ್ಸ್‌ವಿಕ್‌ನ ಅರ್ಧ ದೋಣಿಗಳ ಗಾಳಕ್ಕೆ ಎರೆ ಪೋಣಿಸಿದವಳು ಯಾರು? ಜನವರಿಯ ಬಂಡೆಗಳ ಮೇಲೆ ಮಂಡಿಯೂರಿ ಚಿಪ್ಪು ಕೆತ್ತಿದವಳು ಯಾರು? ಆಗ ಈ ಹೊಣೆ ಇರುವ ಅಪ್ಪ ಸಮುದ್ರದ ತಳದಲ್ಲಿ ಮಲಗಿದ್ದ. ಹೊಣೆ ಇಲ್ಲದ ಅಮ್ಮ ಎರಡು ಮಕ್ಕಳ ಬಾಯಿಗೆ ರೊಟ್ಟಿ ಹಾಕಿದಳು.

"ಈ ಕಾನೂನು ಮಾಡಿದೋನಿಗೆ ಅಮ್ಮ ಇದ್ಲಾ, ಇಲ್ಲ ಮೊಟ್ಟೆ ಒಡ್ಕೊಂಡು ಬಂದಿದ್ನಾ?"

ಲಿಸ್ಟರ್ ನಕ್ಕರು. ಮನುಷ್ಯ ಕೆಟ್ಟವನಲ್ಲ. "ಬೈಬೇಡಿ ಅವನನ್ನ, ಅವನಿಂದಾನೇ ನೀವು ಗೆಲ್ಲೋದು. ಒಂದೇ ಒಂದು ತೊಡಕು. ಊಹೆ ಅಂದ್ರೆ ಊಹೆ ಅಷ್ಟೇ, ಎದುರು ಸಾಕ್ಷಿ ಬಂದ್ರೆ ಬಿದ್ದುಹೋಗುತ್ತೆ. ದೋಣಿ ಅವನದೇ ಅಂತ ನೀವು ಯಾವತ್ತಾದ್ರೂ, ಯಾರ ಮುಂದಾದ್ರೂ ಹೇಳಿದ್ದುಂಟಾ?"

ಥರ್ಜಾ ಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದಳು.

"ಇಡೀ ಊರಿನ ಮುಂದೆ ಹೇಳಿದೀನಿ," ಎಂದಳು.

*

ಕಡಲಿಗೆ ಕಿವಿ ಇದೆ, ಕಣ್ಣಿಲ್ಲ. ರೇವನ್ಸ್‌ವಿಕ್‌ನಲ್ಲಿ ಮಗು ತೊದಲುವುದಕ್ಕೆ ಮೊದಲೇ ಕಲಿಯುವ ಮಾತು ಇದು. ಕಡಲ ದಂಡೆಯಲ್ಲಿ ಆಡಬಾರದ ಮಾತು ಯಾವುದು, ಆಡಲೇಬೇಕಾದ ಮಾತು ಯಾವುದು ಎಂಬುದೆಲ್ಲ ಅದರಿಂದಲೇ ಹುಟ್ಟಿದ್ದು. ಹೆಂಗಸಿನ ಹೆಸರಿನಲ್ಲಿ ದೋಣಿ ಇರಕೂಡದು. ಅದರಲ್ಲೂ ವಿಧವೆ ಕೊಂಡ ದೋಣಿ ಎಂದರೆ, ಗಂಡನನ್ನು ನುಂಗಿದ ಕಡಲು ಅದನ್ನು ತನ್ನ ಬಾಕಿ ಎಂದೇ ತಿಳಿಯುತ್ತದೆ. ಆದ್ದರಿಂದ ಅಂಥ ದೋಣಿ ನೀರಿಗಿಳಿಯುವ ದಿನ ವಿಧವೆ ಅಲೆ ಪಾದಕ್ಕೆ ತಾಗುವಷ್ಟು ಹತ್ತಿರ ನಿಂತು, ಗಟ್ಟಿಯಾಗಿ, ಇದು ನನ್ನದಲ್ಲ, ಇಂಥವನದು ಎಂದು ಹೇಳಬೇಕು. ಕಡಲು ಕೇಳಿಸಿಕೊಳ್ಳುತ್ತದೆ. ನೋಡಲು ಅದಕ್ಕೆ ಕಣ್ಣಿಲ್ಲ.

ರೂಬೆನ್ ಸತ್ತಿದ್ದಕ್ಕೆ ಬಂದ ಪರಿಹಾರ, ತನ್ನ ಬೆರಳಿನ ದುಡಿಮೆ, ಎಲ್ಲ ಸೇರಿಸಿ ಥರ್ಜಾ 'ಪ್ರಾವಿಡೆನ್ಸ್' ಎಂಬ ದೋಣಿ ಕಟ್ಟಿಸಿದಳು. ಎತ್ತರದ ಮೂತಿ, ಚಪ್ಪಟೆ ಹಿಂಭಾಗ, ನೀಲಿ ಬಿಳಿ ಬಣ್ಣ. ಆ ಕರಾವಳಿಯ ದೋಣಿ ಹೇಗಿರಬೇಕೋ ಹಾಗೆ. ಅಲೆಯಲ್ಲಿ ನಿಂತು, "ಇದು ನನ್ನದಲ್ಲ, ನಿನ್ನದು ಕ್ಲಿಫರ್ಡ್!" ಎಂದು ಕೂಗಿದಳು. ಊರಿಗೆ ಊರೇ ನಿಂತು ಕೇಳಿತು. ಒಬ್ಬನೂ ನಂಬಲಿಲ್ಲ. ನಂಬಲಿ ಎಂದು ಅವಳು ಹೇಳಿದ್ದೂ ಅಲ್ಲ.

ಕ್ಲಿಫರ್ಡ್ ಕೆಲವು ಚಳಿಗಾಲ ದುಡಿದ. ಆಮೇಲೆ ಗುಡ್ಡದಾಚೆ ಪೊಟ್ಯಾಷ್ ಗಣಿ ಬಂತು, ಒಣ ಬಟ್ಟೆಯಲ್ಲಿ ವಾರಕ್ಕೊಮ್ಮೆ ಸಂಬಳ. ಅವನು ಹೋದ. ಹೋಗಲಿ, ಅದಕ್ಕೆ ಥರ್ಜಾಳ ತಕರಾರಿರಲಿಲ್ಲ. ದೋಣಿಗೆ ಹೆಟ್ಟಿ ಇಳಿದಳು, ಅಪ್ಪನ ಎಣ್ಣೆಬಟ್ಟೆಯ ಕೋಟು ಹಾಕಿಕೊಂಡು. ಗಂಡಸರು ಗೊಣಗಿದರು. ರೂಬೆನ್ನನ ಜೊತೆಗಾರನಾಗಿದ್ದ ಮುದುಕ ಓಬೆಡ್ ಮಾತ್ರ, "ಇವನು ರೂಬೆನ್ನನ ಕಿರಿ ಮಗ, ಹ್ಯಾರಿ!" ಎಂದು ಕಡಲಿಗೆ ಕೇಳುವಂತೆ ಕೂಗಿ, ಅವಳ ಜೊತೆ ತಾನೂ ಹತ್ತಿದ. ಅಂದಿನಿಂದ ದಡದಲ್ಲಿ ಅವಳು ಹೆಟ್ಟಿ, ನೀರಿನಲ್ಲಿ ಹ್ಯಾರಿ. ಬಲೆಬುಟ್ಟಿಗೆ ಏಡಿ ಬೀಳುವುದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಹೀಗಿರುವಾಗ ಹೆದ್ದಾರಿಯ ಪಬ್ಬಿಗೆ ಹೊಸ ಮಾಲೀಕ ಬಂದ. ಬೇಸಿಗೆಯ ಪ್ರವಾಸಿಗರ ಕಣ್ಣಿಗೆ ಚಂದ ಕಾಣಲೆಂದು ಪಬ್ಬಿನ ಮುಂದೆ ನಿಜವಾದ ಮೀನುದೋಣಿ ಇಟ್ಟು, ಅದರ ತುಂಬ ಮಣ್ಣು ಹಾಕಿ ಹೂವಿನ ಗಿಡ ನೆಡಬೇಕೆಂದು ಅವನಿಗೆ ಆಸೆ. ಪ್ರಾವಿಡೆನ್ಸ್ ಮಾರಲು ಕ್ಲಿಫರ್ಡ್ ಒಪ್ಪಿಕೊಂಡ. ಅಮ್ಮನಿಗೆ ಒಂದು ಮಾತು ಹೇಳದೆ ಟ್ರೇಲರ್ ತಂದ.

ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಆದರೆ ಹೆಗ್ಗಣ ಗೋಡೆಯನ್ನೇ ತೋಡಲು ಕೂತರೆ ಎಷ್ಟೆಂದು ಮುದ್ದು ಮಾಡುವುದು? ಜನ್ಮದಲ್ಲಿ ದೋಣಿಗೆ ಕಾಲಿಡದ ಥರ್ಜಾ ಅವತ್ತು ಏಪ್ರನ್ ಎತ್ತಿಕಟ್ಟಿಕೊಂಡು ದೋಣಿಯೊಳಗೆ ಹತ್ತಿ ಕೂತುಬಿಟ್ಟಳು. ದೋಣಿ ಮರಳಿನ ಮೇಲಿತ್ತು, ಕಡಲು ದೂರ ಸರಿದಿತ್ತು, ಅಷ್ಟೇ ಸಮಾಧಾನ.

"ಇಳಿಯಮ್ಮಾ, ಜನ ನೋಡ್ತಿದಾರೆ," ಎಂದ ಕ್ಲಿಫರ್ಡ್.

"ನೋಡ್ಲಿ. ಮಣ್ಣು ತುಂಬಿಸ್ತೀಯಲ್ಲ, ತುಂಬ್ಸು. ನನ್ನ ಮೇಲೇ ತುಂಬ್ಸು. ಗುಲಾಬಿ ನೆಡು."

"ದೋಣಿ ನಂದು. ಕಾಗದದಲ್ಲಿ ಹೆಸರು ನಂದು. ನೀನೇ ಕೊಟ್ಟಿದ್ದು, ಇಡೀ ಊರಿಗೆ ಗೊತ್ತು."

"ಊರಿಗೆ ಏನು ಗೊತ್ತು ಅಂತ ನಿನಗೂ ಗೊತ್ತು ಕಣೋ!"

ಅವನು ಟ್ರೇಲರ್ ಖಾಲಿಯಾಗಿಯೇ ಎಳೆದುಕೊಂಡು ಹೋದ. ಮರುವಾರ ಅವನ ವಕೀಲರ ಕಾಗದ ಬಂತು, ಥರ್ಜಾ ಬಸ್ಸು ಹತ್ತಿ ಲಿಸ್ಟರ್ ಹತ್ತಿರ ಹೋದಳು.

*

ಕೋರ್ಟಿನ ದಿನ ಊರಿನ ಹಿರಿಯರೆಲ್ಲ ಹಿಂದಿನ ಬೆಂಚುಗಳಲ್ಲಿ ಸಾಲಾಗಿ ಕೂತಿದ್ದರು, ಟೋಪಿ ಮಂಡಿಯ ಮೇಲೆ. ಕ್ಲಿಫರ್ಡ್ ಹೊಸ ಕೋಟಿನಲ್ಲಿ ತನ್ನ ಬ್ಯಾರಿಸ್ಟರ್ ಪೆಂಬರ್ಟನ್ ಹಿಂದೆ. ನ್ಯಾಯಾಧೀಶರು ನೆಗಡಿಯಾದ ಮುದುಕರು, ಕರವಸ್ತ್ರ ಕೈಬಿಡಲಿಲ್ಲ. ದುಡ್ಡು ಯಾರದು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಥರ್ಜಾಳ ಮನಸ್ಸಿನ ಮೇಲೆ.

ಪೆಂಬರ್ಟನ್ ದನಿ ಜೇನು. "ನಿಮ್ಮ ಮಗನನ್ನ ಪ್ರೀತಿಸ್ತಿದ್ರಿ, ಅಲ್ವಾ?"

ಏನು ಹೇಳಬೇಕೆಂದು ಲಿಸ್ಟರ್ ಬಾಯಿಪಾಠ ಮಾಡಿಸಿ ಕರೆತಂದಿದ್ದರು. ಕೊಡುವ ಉದ್ದೇಶ ನನಗಿರಲಿಲ್ಲ ಅಂತ ಹೇಳಿ, ಬೇರೇನೂ ಬೇಡ ಎಂದಿದ್ದರು. ಪ್ರೀತಿ ಇತ್ತು ಅಂದರೆ ಸೋಲು, ಇಲ್ಲ ಅಂದರೆ ಗೆಲುವು. ಇದೆಂಥ ತಕ್ಕಡಿ? ತಾಯಿಯಾದವಳು ತನ್ನ ಪ್ರೀತಿಯನ್ನು ಕಡಿಮೆ ತೂಗಿ ತೋರಿಸಿದರೆ ಮಾತ್ರ ಅವಳ ವಸ್ತು ಅವಳಿಗಂತೆ. ಥರ್ಜಾ ಕಟಕಟೆಯ ಮರವನ್ನು ಹಿಡಿದುಕೊಂಡಳು.

"ಪ್ರೀತಿಸ್ತಿದ್ದೆ. ಈಗ್ಲೂ ಅಷ್ಟೇ. ಅದಕ್ಕೂ ದೋಣಿಗೂ ಏನ್ರೀ ಸಂಬಂಧ?"

"ಅವನಿಗೊಂದು ಬದುಕು ಕಟ್ಟಿಕೊಡ್ಬೇಕು ಅಂತ ಆಸೆ ಇತ್ತು?"

"ಇರಲ್ವಾ ಮತ್ತೆ?"

ಲಿಸ್ಟರ್ ತಲೆ ತಗ್ಗಿಸಿದರು.

"ಹಾಗಾದ್ರೆ, ನೀರಿಗಿಳಿಸಿದ ದಿನ ಇಡೀ ಊರಿನ ಎದುರು 'ಇದು ನನ್ನದಲ್ಲ, ನಿನ್ನದು' ಅಂದಿರಲ್ಲ. ಆ ಮಾತು ನಿಜವೋ ಸುಳ್ಳೋ?"

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಆ ಪ್ರಶ್ನೆಗೆ ಉತ್ತರವನ್ನು ರೇವನ್ಸ್‌ವಿಕ್‌ನಲ್ಲಿ ಯಾವ ವಿಧವೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಕೋರ್ಟಿನ ಕಿಟಕಿ ತೆರೆದಿತ್ತು, ಹೊರಗೆ ಕಾಣುವುದು ಬಂದರು, ಬಂದರಿನಲ್ಲಿ ನೀರು. ಇದೇ ಕಡಲು, ಇದೇ ಕಿವಿ.

"ಹೇಳಿ ಮಿಸೆಸ್ ಲೆಡ್ಲಿ. ಒಪ್ಪಿದ್ರೆ ಉಡುಗೊರೆ. ಇಲ್ಲಾಂದ್ರೆ ನೀವು ಊರೆದುರು ಸುಳ್ಳು ಹೇಳಿದೋರು. ಯಾವುದು?"

ಕಿಟಕಿ ಮುಚ್ಚಿ ಎಂದು ಕೇಳೋಣವೇ ಎನಿಸಿತು. ಕೇಳಲಿಲ್ಲ. ಹೂವಿನ ಕುಂಡವಾದ ಪ್ರಾವಿಡೆನ್ಸ್ ಕಣ್ಣ ಮುಂದೆ ಬಂತು, ಅದರ ಪಕ್ಕ ಬಿಯರ್ ಹಿಡಿದು ಫೋಟೋ ತೆಗೆಸಿಕೊಳ್ಳುವ ಜನ ಬಂದರು.

"ಸುಳ್ಳು," ಎಂದಳು. "ಊರಿಗೆ ಹೇಳಿದ್ದಲ್ಲ. ಕಡಲಿಗೆ ಹೇಳಿದ್ದು. ದೋಣಿ ನಂದೇ. ಮೊದಲ ದಿನದಿಂದ ನಂದೇ."

ಓಬೆಡ್ ಕಣ್ಣು ಮುಚ್ಚಿಕೊಂಡ. ನ್ಯಾಯಾಧೀಶರು ಮೂಗು ಒರೆಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು.

ಆಮೇಲೆ ಓಬೆಡ್‌ನ ಸರದಿ. ಬೈಬಲ್ ಮುಟ್ಟಿದ ಮೇಲೆ ಅವನು ಸುಳ್ಳಾಡುವವನಲ್ಲ. ಹೌದು, ಅವಳು ಹಾಗಂದಿದ್ದು ಕೇಳಿದೆ ಎಂದ. ಯಾಕೆ ಅಂದಳು ಎಂದು ಲಿಸ್ಟರ್ ಕೇಳಿದರೆ, ಅದನ್ನೆಲ್ಲ ವಿವರಿಸಿ ಹೇಳುವಂತಿಲ್ಲ ಎಂದಷ್ಟೇ ಹೇಳಿ ಇಳಿದ. ಕ್ಲಿಫರ್ಡ್ ಬಂದು ಪಟಪಟನೆ ಹೇಳಿದ. ಕಡಲಿಗೆ ಕಿವಿ ಅನ್ನೋದೆಲ್ಲ ಅಜ್ಜಿಕಥೆ, ಈ ಕಾಲದಲ್ಲಿ ರೇವನ್ಸ್‌ವಿಕ್‌ನಲ್ಲಿ ಯಾರೂ ಅದನ್ನು ನಂಬುವುದಿಲ್ಲ, ಅಮ್ಮನೂ ನಂಬಿರಲಿಲ್ಲ, ಕೊಟ್ಟಳು ಅಂದರೆ ಕೊಟ್ಟಳು. ಅಮ್ಮನ ಕಡೆ ನೋಡದೇ ಹೇಳಿದ.

ಗೆದ್ದೆನೆಂದೇ ಪೆಂಬರ್ಟನ್ ಕೊನೆಯ ಮಾತಿಗೆ ಎದ್ದರು. "ಮಹಾಸ್ವಾಮಿ, ಮಿಸೆಸ್ ಲೆಡ್ಲಿ ಅವರ ಈ ಕಡಲಿನ ಕಥೆಯನ್ನ ನಂಬೋದು ಅಂದ್ರೆ ಗೋಣಿ ಬಿಚ್ಚಿ ನೋಡದೆ ಒಳಗಿರೋ ಹಂದಿಯನ್ನ ಕೊಂಡ ಹಾಗೆ."

ಆ ಪ್ರಾಣಿಯ ಹೆಸರನ್ನು ಇಲ್ಲಿ ಬರೆಯದೆ ವಿಧಿಯಿಲ್ಲ, ಕಡಲಿನವರು ಕ್ಷಮಿಸಲಿ. ಅವರ ಬಾಯಲ್ಲಿ ಅದು 'ಆ ನಾಲ್ಕು ಕಾಲಿಂದು'. ಹೆಸರು ಕಿವಿಗೆ ಬಿತ್ತೋ, ತಕ್ಷಣ ತಣ್ಣನೆಯ ಕಬ್ಬಿಣ ಮುಟ್ಟಬೇಕು, ಇಲ್ಲದಿದ್ದರೆ ದೋಣಿಗೆ ಕೇಡು. ಹಿಂದಿನ ಬೆಂಚುಗಳಲ್ಲಿ ಒಮ್ಮೆಗೇ ಗದ್ದಲವಾಯಿತು. ಒಬ್ಬ ಬಗ್ಗಿ ಬೂಟಿನ ಮೊಳೆ ಹಿಡಿದ, ಒಬ್ಬ ಬೀಗದ ಕೈ ತಡಕಿದ. ಓಬೆಡ್ ಕೈಗೆ ಸಿಕ್ಕ ಕಿಟಕಿಯ ಸರಳನ್ನೇ ಬಿಗಿಹಿಡಿದ. ಎಲ್ಲರಿಗಿಂತ ಮುಂಚೆ ಕೈ ಚಾಚಿದವನು ಕ್ಲಿಫರ್ಡ್. ಹೊಸ ಕೋಟನ್ನು ಪಕ್ಕಕ್ಕೆ ಸರಿಸಿ, ಸೊಂಟಪಟ್ಟಿಯ ಕಬ್ಬಿಣದ ಬಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಾನು ಹಾಗೆ ಹಿಡಿದುಕೊಂಡಿದ್ದೇನೆಂಬ ಅರಿವೇ ಇಲ್ಲದೆ ಕೂತಿದ್ದ.

ನ್ಯಾಯಾಧೀಶರು ಕರವಸ್ತ್ರ ಕೆಳಗಿಟ್ಟರು. "ಮಿಸ್ಟರ್ ಪೆಂಬರ್ಟನ್, ನಿಮ್ಮ ಕಕ್ಷಿದಾರರು ಯಾಕೆ ಹಾಗೆ ಸೊಂಟ ಹಿಡ್ಕೊಂಡಿದಾರೆ, ಸ್ವಲ್ಪ ಕೇಳಿ ನೋಡಿ."

ಪೆಂಬರ್ಟನ್ ತಿರುಗಿದರು. ಕ್ಲಿಫರ್ಡ್ ಕೈ ತೆಗೆದ. ಕಿವಿಯವರೆಗೂ ಕೆಂಪಾದ. ಹಿಂದಿನಿಂದ ಯಾವನೋ, "ನಂಬಲ್ವಂತೆ!" ಎಂದು ಕಿಸಕ್ಕನೆ ನಕ್ಕ.

ತೀರ್ಪು ಬೇಗ ಬಂತು. ಆ ಮಾತು ಮಗನಿಗೆ ಹೇಳಿದ್ದಲ್ಲ, ಅಲ್ಲಿ ನೆರೆದವರಿಗೂ ಹೇಳಿದ್ದಲ್ಲ, ಊರಿನ ನಂಬಿಕೆಯಂತೆ ಕಡಲಿಗೆ ಹೇಳಿದ್ದು. ಆದ್ದರಿಂದ ತಾಯಿಯ ಪರವಾದ ಊಹೆ ಬೀಳದೆ ಉಳಿಯುತ್ತದೆ. ದೋಣಿಯ ಒಡೆತನ ದುಡ್ಡು ಕೊಟ್ಟ ತಾಯಿಗೇ ಸೇರುತ್ತದೆ ಎಂದರು ನ್ಯಾಯಾಧೀಶರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಇಲ್ಲಿ ಗಮನಿಸಬೇಕಾದ್ದು, ಮಗನಿಗೆ ನೆಲೆ ಮಾಡಿಕೊಡುವ ಹೊಣೆ ತಂದೆಗಿದ್ದಂತೆ ತಾಯಿಗೆ ಇಲ್ಲ..."

"ಇದೆ," ಎಂದಳು ಥರ್ಜಾ, ಎದ್ದು ನಿಂತು.

"ಕೂತ್ಕೊಳ್ಳಿ," ಎಂದು ಲಿಸ್ಟರ್ ಅವಳ ತೋಳು ಹಿಡಿದು ಪಿಸುಗುಟ್ಟಿದರು. "ನೀವು ಗೆದ್ದಿದೀರಿ!"

"ಗೆದ್ರೆ? ಬಾಯಿ ಮುಚ್ಕೊಂಡು ಕೂರ್ಬೇಕಾ? ಇದೆ ಅಂದ್ರೆ ಇದೆ. ಹೊಣೆ ನಂದೇ ಇದ್ದಿದ್ದು. ಮಾಡಿದೀನಿ. ಬರ್ಕೊಳ್ಳಿ ಅದನ್ನ."

ನ್ಯಾಯಾಧೀಶರು ಬರೆದುಕೊಳ್ಳಲಿಲ್ಲ. ಸೀನಿದರು.

ಮೆಟ್ಟಿಲ ಬಳಿ ಕ್ಲಿಫರ್ಡ್ ಕಾಯುತ್ತಿದ್ದ. "ಖುಷಿಯಾಯ್ತಾ? ನನಗೇನೂ ಕೊಟ್ಟಿಲ್ಲ ಅಂತ ಕೋರ್ಟಲ್ಲಿ ಬರೆಸಿಬಿಟ್ಟೆಯಲ್ಲ."

ಸಿಟ್ಟು ಇವನ ಮೇಲೋ, ಒಳಗೆ ಸೀನುತ್ತಿರುವವರ ಮೇಲೋ, ಎಲ್ಲರ ಮೇಲೋ ಅವಳಿಗೇ ತಿಳಿಯಲಿಲ್ಲ. ಗವಸು ಕಿತ್ತು ಅವನ ಮುಖದ ಮುಂದೆ ಎರಡೂ ಕೈ ಹಿಡಿದಳು. ಅವನು ಆ ಬೆರಳುಗಳನ್ನು ನೋಡಿದ, ಆಮೇಲೆ ಬೇರೆ ಕಡೆ ನೋಡಿದ. ಬಸ್ಸು ಬಂತು.

*

ಮಾರನೆಯ ಬೆಳಿಗ್ಗೆ ಕಡಲು ತಿಳಿಯಾಗಿತ್ತು. ದೋಣಿಗಳೆಲ್ಲ ಹೊರಟುಹೋಗಿದ್ದವು, ದಂಡೆಯಂಚಿನ ನೀರಿನಲ್ಲಿ ನಿಂತಿದ್ದ ಪ್ರಾವಿಡೆನ್ಸ್ ಒಂದನ್ನು ಬಿಟ್ಟು. ಹೆಟ್ಟಿ ಅದರೊಳಗೆ ಎಂಜಿನ್ ಒರೆಸುತ್ತ ನಿಂತಿದ್ದಳು. ಓಬೆಡ್ ದೋಣಿ ಕಟ್ಟುವ ಧಕ್ಕೆಯ ಮೇಲೇ ಇದ್ದ.

"ಹತ್ತೋ ಮಾವ, ಹೊತ್ತಾಯ್ತು," ಎಂದಳು ಹೆಟ್ಟಿ.

"ನಾನು ಬರಲ್ಲ ಮಗಾ."

ಎರೆಯ ಬುಟ್ಟಿ ಸೊಂಟಕ್ಕಿಟ್ಟು ಬರುತ್ತಿದ್ದ ಥರ್ಜಾ ಅಲ್ಲೇ ನಿಂತಳು. "ಏನೋ ಅದು, ಬರಲ್ಲ ಅಂದ್ರೆ?"

"ನೀನು ಹೇಳಿಬಿಟ್ಟೆ ಥರ್ಜಾ. ಕಿಟಕಿ ತೆರೆದಿತ್ತು. ಅದಕ್ಕೆ ಕೇಳಿಸಿದೆ." ಓಬೆಡ್ ಕಡಲಿನ ಕಡೆ ಗದ್ದ ತೋರಿಸಿದ. "ಇಷ್ಟು ವರ್ಷ ಮೋಸ ಹೋದೆ ಅಂತ ಅದಕ್ಕೀಗ ಗೊತ್ತು. ನಾನು ಬರಲ್ಲ, ಬೇರೆ ಯಾವನೂ ಬರಲ್ಲ. ಹುಡುಗೀನೂ ಕಳಿಸ್ಬೇಡ."

"ಇನ್ನೊಂದ್ಸಲ ಹೇಳಮ್ಮ," ಎಂದಳು ಹೆಟ್ಟಿ. "ಹ್ಯಾರೀದು ಅಂತ ಕೂಗು. ಏನು ಕಷ್ಟ?"

"ಒಂದ್ಸಲ ಸಿಕ್ಕಿಬಿದ್ದ ಬಾಯಿ ಅದು," ಎಂದ ಓಬೆಡ್. "ಯಾರು ನಂಬ್ತಾರೆ?"

ಅಂದರೆ ಹೀಗೆ. ಮಗನಿಂದ ಉಳಿಸಿಕೊಂಡ ದೋಣಿ ಈಗ ಮರಳಿನ ಮೇಲೆ ಕೊಳೆಯಬೇಕು. ಒಬ್ಬಂಟಿಯಾಗಿ ಆ ಬಲೆಬುಟ್ಟಿಗಳನ್ನು ಎತ್ತಲು ಹೆಟ್ಟಿಯಿಂದ ಆಗದು. ತಿಂಗಳು ಕಳೆದರೆ ಪಬ್ಬಿನವನು ಮತ್ತೆ ಬರುತ್ತಾನೆ, ಆಗ ಮಾರುವವಳು ತಾನೇ. ಥರ್ಜಾ ನೀರನ್ನು ನೋಡಿದಳು. ಗಂಡನನ್ನು ತಿಂದದ್ದು ಇದು. ಇದಕ್ಕೆ ಹೆದರಿ ತನ್ನದನ್ನು ತನ್ನದಲ್ಲ ಎಂದಳು, ಮಗಳನ್ನು ಮಗಳಲ್ಲ ಎನ್ನಲು ಬಿಟ್ಟಳು. ಅಲ್ಲಿ ಕೋರ್ಟಿನಲ್ಲಿ ಕೂತವನು ನಿನಗೆ ಹೊಣೆ ಇಲ್ಲ ಅಂದ. ಇಲ್ಲಿ ಇದು ನಿನಗೆ ಒಡೆತನ ಇಲ್ಲ ಅನ್ನುತ್ತದೆ. ಸಾಕಾಯಿತು.

ಬುಟ್ಟಿಯನ್ನು ದೋಣಿಯೊಳಗೆ ಇಟ್ಟಳು. ಏಪ್ರನ್ ಎತ್ತಿ ಕಟ್ಟಿದಳು. ಟೊಂಕದ ಮಟ್ಟದ ನೀರಿಗೆ ಇಳಿದು, ಅಂಚು ಹಿಡಿದು ಒಂದು ಕಾಲು ಎತ್ತಿದಳು. ಕಾಲು ಸಿಕ್ಕಿಕೊಂಡಿತು. ಹೆಟ್ಟಿ ಬಾಯಿ ತೆರೆದು ನಿಂತಿದ್ದಳು.

"ಏನೇ ನೋಡ್ತೀಯ? ಎಳಿ!"

"ಅಮ್ಮಾ, ನಿನಗೆ ಈಜೂ ಬರಲ್ಲ..."

"ನಿಮ್ಮಪ್ಪಂಗೂ ಬರ್ತಿರಲಿಲ್ಲ. ಎಳಿ ಅಂದೆ."

ಹೆಟ್ಟಿ ಎಳೆದಳು. ಥರ್ಜಾ ದೋಣಿಯೊಳಗೆ ಬಿದ್ದು, ಎದ್ದು, ಓಬೆಡ್ ಕೂರುತ್ತಿದ್ದ ಹಲಗೆಯ ಮೇಲೆ ಕೂತಳು. ಒದ್ದೆ ಬಟ್ಟೆ ಕಾಲಿಗೆ ಅಂಟಿತ್ತು. ದೋಣಿ ಅಲುಗಿದಾಗ ಎರಡೂ ಬದಿ ಹಿಡಿದುಕೊಂಡು ಬೆನ್ನು ನೆಟ್ಟಗೆ ಮಾಡಿದಳು. ಎಂಜಿನ್ ಕೆಮ್ಮಿ ಹಿಡಿದುಕೊಂಡಿತು. ಬಂದರಿನ ಗೋಡೆ ದಾಟಿ ನೀರಿನ ಬಣ್ಣ ಕಪ್ಪಾಗುವ ಕಡೆ ಬಂದಾಗ ಅವಳು ಗಂಟಲು ಸರಿಮಾಡಿಕೊಂಡಳು.

"ಈ ದೋಣಿ ನಂದು!" ಎಂದು ಕೂಗಿದಳು. "ಕೇಳಿಸ್ತಾ? ರೂಬೆನ್ ಲೆಡ್ಲಿಯ ವಿಧವೆ ನಾನು. ಇವಳು ನನ್ನ ಮಗಳು ಹೆಟ್ಟಿ. ಹ್ಯಾರಿ ಅಲ್ಲ, ಹೆಟ್ಟಿ. ನಿನಗೆ ಕೊಡೋದು ಏನೂ ಬಾಕಿ ಇಲ್ಲ, ನೀನೇ ನನಗೆ ಕೊಡ್ಬೇಕು!"

ಕಡಲು ದೋಣಿಯ ಮೂತಿಗೆ ಒಮ್ಮೆ ಸಣ್ಣಗೆ ಬಡಿಯಿತು. ಹೆಟ್ಟಿ ಚುಕ್ಕಾಣಿ ಹಿಡಿದವಳು ಅಮ್ಮನ ಬೆನ್ನನ್ನೇ ನೋಡುತ್ತಿದ್ದಳು. ಥರ್ಜಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಬುಟ್ಟಿಯನ್ನು ಮಂಡಿಗಳ ನಡುವೆ ಎಳೆದುಕೊಂಡು ಒಂದು ಚಿಪ್ಪು ಒಡೆದಳು, ಮನೆಯ ಹೊಸ್ತಿಲಲ್ಲಿ ಕೂತು ಒಡೆಯುವ ಹಾಗೆ.

ಕತ್ತೆತ್ತಿದಾಗ ಧಕ್ಕೆ ಬಹಳ ಹಿಂದೆ ಉಳಿದಿತ್ತು. ಓಬೆಡ್ ಅಲ್ಲೇ ಮಂಡಿಯೂರಿ ಕೂತಿದ್ದ. ದೋಣಿ ಕಟ್ಟುವ ಕಬ್ಬಿಣದ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಬಿಟ್ಟಿರಲಿಲ್ಲ.